ಶೆಟ್ಟರ ಅಂಗಡಿಗೆ ರೈಲು ನುಗ್ಗಿದ್ದು

ನಮ್ಮ ಮನೆಯ ದಸರಾ ಬೊಂಬೆಗಳಲ್ಲಿ ಶೆಟ್ಟರು ಮತ್ತು ಅವರ ಹೆಂಡತಿ ತುಂಬ ಹಳಬರು. ಅಜ್ಜಿ ಮದುವೆಯಾಗಿ ಬಂದಾಗ ಜೊತೆಗೇ ಬಂದವರು. ಪಟ್ಟದ ರಾಜ ರಾಣಿ ಮೇಲಿನ ಮೆಟ್ಟಿಲಲ್ಲಿ ನಿಂತು ಊರು ಆಳುತ್ತಾರೆ. ಇವರಿಬ್ಬರು ಕೆಳಗಿನ ಮೆಟ್ಟಿಲಲ್ಲಿ ಕಾಲು ಮಡಿಸಿ ಕೂತು ಅಂಗಡಿ ನಡೆಸುತ್ತಾರೆ. ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲ, ಹುಣಸೆಹಣ್ಣು. ಶೆಟ್ಟರ ಹೊಟ್ಟೆಯ ಬಣ್ಣ ಮಾಸಿದೆ, ಅವರ ಹೆಂಡತಿಯ ಮೂಗುತಿ ಉದುರಿದೆ. ಆದರೂ ವ್ಯಾಪಾರ ಒಂದು ವರ್ಷವೂ ನಿಂತಿರಲಿಲ್ಲ. ಹೋದ ದಸರೆಯ ಮೂರನೇ ದಿನ, ಸಂಜೆ ಏಳರ ಹೊತ್ತಿಗೆ, ಆ ಅಂಗಡಿಗೆ ಒಂದು ರೈಲು ನುಗ್ಗಿತು.

ಹಾಲ್ ತುಂಬ ಅಕ್ಕಿ. ಸೋಫಾದ ಕೆಳಗೆ ತೊಗರಿಬೇಳೆ. ಆರತಿಗೆ ಬಂದಿದ್ದ ಎಂಟು ಜನ ಹೆಂಗಸರು ಕಾಲು ಮೇಲೆತ್ತಿಕೊಂಡು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಇಲ್ಲ ಅನ್ನಲು ಜಾಗವೇ ಇರಲಿಲ್ಲ.

ಇದೆಲ್ಲ ಶುರುವಾಗಿದ್ದು ಒಳ್ಳೆಯ ಉದ್ದೇಶದಿಂದ. ಅದರ ಹಿಂದಿನ ವರ್ಷ ಬೊಂಬೆಗೆ ಸುತ್ತಿದ್ದ ಹಳೇ ಸೀರಿಯಲ್ ಸೆಟ್ಟಿನ ವೈರು ಒಂದು ಕಡೆ ಸುಲಿದುಹೋಗಿತ್ತು. ಪಕ್ಕದ ಬೀದಿಯ ಮಗುವೊಂದು ಮುಟ್ಟಿ ಚಿಟಾರನೆ ಕಿರುಚಿತು. ಮಗುವಿಗೆ ಏನೂ ಆಗಲಿಲ್ಲ, ಎರಡು ಕೊಬ್ಬರಿ ಮಿಠಾಯಿ ಜಾಸ್ತಿ ಸಿಕ್ಕಿತು ಅಷ್ಟೇ. ಆದರೆ ಅಮ್ಮ ಅವತ್ತೇ ಕಟ್ಟಪ್ಪಣೆ ಹೊರಡಿಸಿದಳು: "ಇನ್ನು ಮೇಲೆ ಬೊಂಬೆ ಹತ್ರ ಗೋಡೆ ಕರೆಂಟು ಬರಕೂಡದು."

ಗೋಡೆ ಕರೆಂಟು ಅಂದರೆ 230 ವೋಲ್ಟ್ ಎಸಿ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಹಾಗಾದರೆ ಒಂದೇ ದಿಕ್ಕಿಗೆ ಹರಿಯುವ 12 ವೋಲ್ಟ್ ಡಿಸಿ ತರೋಣ, ಬರಿಗೈಯಲ್ಲಿ ಮುಟ್ಟಿದರೂ ಶಾಕ್ ಹೊಡೆಯಲ್ಲ, ಅಂದೆ. ಆ ಮಾತು ನಿಜ. 12 ವೋಲ್ಟ್ ನಿಮಗೆ ಏನೂ ಮಾಡುವುದಿಲ್ಲ. ಉಳಿದದ್ದಕ್ಕೆಲ್ಲ ಮಾಡುತ್ತದೆ.

ಇನ್ನೊಂದು ಕಾರಣವನ್ನೂ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೀಮೆಯವರಿಗೆ ಕರೆಂಟಿನ ವಿಷಯದಲ್ಲಿ ಸ್ವಲ್ಪ ಜಂಬ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ಮಾಡಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದವರು ನಾವು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದೇ ಆಮೇಲೆ, 1905ರಲ್ಲಿ. ನಮ್ಮ ಮೈಸೂರು ಅರಮನೆಗೆ ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು. ಭಾನುವಾರ ಸಂಜೆ ಅವು ಒಮ್ಮೆಗೇ ಹೊತ್ತಿಕೊಂಡಾಗ, ಪಕ್ಕದಲ್ಲಿ ಚುರುಮುರಿ ತಿನ್ನುತ್ತ ನಿಂತ ಮೈಸೂರಿನವನಿಗೆ ತಾನೇ ಸ್ವಿಚ್ ಹಾಕಿದಷ್ಟು ಹೆಮ್ಮೆ. ಅಂಥ ಊರಿನಲ್ಲಿ ಹುಟ್ಟಿ ಏಳು ಮೆಟ್ಟಿಲಿಗೆ ಲೈಟು ಹಾಕಲಾರೆನೇ ಅನ್ನಿಸಿತು. ಅರಮನೆಯದೂ ಶಿವನಸಮುದ್ರದ್ದೂ ಎಸಿ ಅನ್ನುವುದು ಆಗ ತಲೆಗೆ ಹೋಗಲಿಲ್ಲ.

ಶಿವರಾಂಪೇಟೆಯ ಅಂಗಡಿಯೊಂದರಲ್ಲಿ ಐದು ಮೀಟರ್ ಎಲ್‌ಇಡಿ ಸ್ಟ್ರಿಪ್ ತೆಗೆದುಕೊಂಡೆ. ಬೃಂದಾವನದ ಮಾದರಿ ಮಾಡಬೇಕು ಅಂತ ಹೆಬ್ಬೆರಳು ಗಾತ್ರದ ನೀರಿನ ಪಂಪು. ಅಂಗಡಿ ಹುಡುಗ ಕೇಳಿದ, "ಸಪ್ಲೈ ಎಷ್ಟು ಆಂಪ್ಸ್ ಕೊಡ್ಲಿ ಸಾರ್?"

"ಬೇಡಪ್ಪ, ಮನೇಲಿ ಅಡಾಪ್ಟರ್ ಇದೆ."

ಅವನು ನನ್ನನ್ನೇ ನೋಡಿದ. ಆ ನೋಟದ ಅರ್ಥ ನಾಲ್ಕು ದಿನ ಬಿಟ್ಟು ಗೊತ್ತಾಯಿತು.

ಪ್ರತಿ ಮನೆಯಲ್ಲೂ ಒಂದು ಬಿಸ್ಕತ್ತಿನ ಡಬ್ಬ ಇರುತ್ತದೆ. ಬಿಸ್ಕತ್ತು ಮುಗಿದು ಹದಿನೈದು ವರ್ಷ ಆಗಿರುತ್ತದೆ. ಒಳಗಿರುವುದು ಅಡಾಪ್ಟರುಗಳು. ಸತ್ತ ರೌಟರಿನದು, ವಾಪಸ್ ಕೊಟ್ಟ ಸೆಟ್‌ಟಾಪ್ ಬಾಕ್ಸಿನದು, ಹಳೇ ಲ್ಯಾಪ್‌ಟಾಪಿನದು, ಯಾವುದರದು ಅಂತ ಯಾರಿಗೂ ಗೊತ್ತಿಲ್ಲದ್ದು ಮೂರು. ಒಂದನ್ನು ಎಳೆದರೆ ಐದು ಬರುತ್ತವೆ. ಎಸೆಯೋಣ ಅಂದರೆ "ಇರ್ಲಿ ಬಿಡಿ, ಬೇಕಾಗುತ್ತೆ" ಅನ್ನುವವರು ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಅದು ನಾನೇ.

ಅಡಾಪ್ಟರಿನ ಬೆನ್ನ ಮೇಲೆ ಸಾಸಿವೆಗಿಂತ ಚಿಕ್ಕ ಅಕ್ಷರದಲ್ಲಿ ಅದರ ಜಾತಕ ಬರೆದಿರುತ್ತದೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಒಂದು 5 ವೋಲ್ಟ್, ಒಂದು 9, ಎರಡು 12, ಒಂದು 19. ತಮಾಷೆ ಏನೆಂದರೆ 9ರ ಪಿನ್ನೂ 12ರ ಪಿನ್ನೂ ನೋಡಲು ಅವಳಿ ಜವಳಿ, ಒಂದರ ತೂತಿಗೆ ಇನ್ನೊಂದು ಸಲೀಸಾಗಿ ಕೂರುತ್ತದೆ. ಪಿನ್ನು ಕೂತಿತು ಅಂತ ವೋಲ್ಟೂ ಸರಿ ಅಂದುಕೊಂಡರೆ, ದೇವಸ್ಥಾನದ ಹೊರಗೆ ಕಾಲಿಗೆ ಸರಿಹೋಯಿತು ಅಂತ ಇನ್ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದ ಹಾಗೆ. ವೋಲ್ಟಿನ ಪಕ್ಕದಲ್ಲೇ ಒಂದು ಚಿತ್ರವೂ ಇತ್ತು. ನಡುವೆ ಚುಕ್ಕೆ, ಸುತ್ತ ಬಾಯಿ ತೆರೆದ ಬಳೆ, ಎರಡರಿಂದಲೂ ಒಂದೊಂದು ಗೆರೆ, ಒಂದು ಗೆರೆಯ ತುದಿಗೆ ಪ್ಲಸ್ಸು, ಇನ್ನೊಂದರ ತುದಿಗೆ ಮೈನಸ್ಸು. ಪಿನ್ನಿನ ಒಳಗಿರುವುದು ಯಾವುದು, ಹೊರಗಿನ ಸುತ್ತು ಯಾವುದು ಅಂತ ಹೇಳುವ ಗುರುತು ಅದು. ನಾನು ಇಷ್ಟು ವರ್ಷ ಕಂಪನಿಯ ಮುದ್ರೆ ಅಂದುಕೊಂಡಿದ್ದೆ.

12 ವೋಲ್ಟ್, 2 ಆಂಪ್ಸಿನದೊಂದನ್ನು ಆರಿಸಿ ಪಿನ್ನನ್ನು ಕತ್ತರಿಸಿದೆ. ಒಳಗೆ ಎರಡು ಎಳೆ. ಎರಡೂ ಕಪ್ಪು, ಒಂದರ ಮೇಲೆ ಮಾತ್ರ ಬಿಳಿ ಗೀಟು. ಬಿಳಿ ಗೀಟಿನದು ಸಾಮಾನ್ಯವಾಗಿ ಪ್ಲಸ್ ಆಗಿರುತ್ತದಂತೆ. ಸಾಮಾನ್ಯವಾಗಿ. ಎಲ್ಲ ಕಂಪನಿಯೂ ಹಾಗೆ ಮಾಡುವುದಿಲ್ಲ, ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡುವುದೇ ಸರಿ. ನನ್ನ ಹತ್ತಿರ ಮೀಟರ್ ಇರಲಿಲ್ಲ, ತರ್ಕ ಇತ್ತು. ಗೀಟಿನದನ್ನು ಮೈನಸ್ ಅಂತ ತೀರ್ಮಾನಿಸಿ ಸ್ಟ್ರಿಪ್ಪಿಗೆ ಕೊಟ್ಟೆ. ಹತ್ತಲಿಲ್ಲ. ತಿರುಗಿಸಿ ಕೊಟ್ಟೆ. ಹತ್ತಿತು!

ನಾನು ಹಾಳಾಗಿದ್ದು ಇಲ್ಲೇ. ಡಿಸಿ ಅಂದರೆ ಇಷ್ಟೇ ತಾನೇ, ಹತ್ತದಿದ್ದರೆ ತಿರುಗಿಸಿ ಕೊಡು, ಅನ್ನುವ ಸಿದ್ಧಾಂತ ಹುಟ್ಟಿಕೊಂಡಿತು. ಎಸಿಯಲ್ಲಿ ಬೆಳೆದವರ ಬುದ್ಧಿ ಇದು. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ತಿರುಗಿಸಿ ಚುಚ್ಚಿದರೂ ಫ್ಯಾನ್ ತಿರುಗುತ್ತದೆ, ರೇಡಿಯೋ ಹಾಡುತ್ತದೆ. ಕರೆಂಟಿಗೆ ಹಿಂದು ಮುಂದು ಇದೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ತಂಗಿಯ ಮಗ ಕಾಲೇಜಿನಲ್ಲಿ ಮಾಡಿದ್ದ ಅಂಗೈಯಗಲದ ಆಂಪ್ಲಿಫೈಯರ್ ಬೋರ್ಡೊಂದು ಮನೆಯಲ್ಲಿತ್ತು. ಬೊಂಬೆಗಳ ಹಿಂದೆ ಸಣ್ಣಗೆ ನಾದಸ್ವರ ಬರಲಿ ಅಂತ ಆಸೆ. ಅದಕ್ಕೆ ಬೆಲ್ ವೈರ್ ಎಳೆದೆ. ಆ ವೈರಿನ ಎರಡು ಎಳೆಯೂ ಬಿಳಿ. ಈ ತುದಿಯಲ್ಲಿ ಪ್ಲಸ್ ಯಾವುದು ಅಂತ ನೆನಪಿಟ್ಟುಕೊಂಡು, ಆ ತುದಿಗೆ ಹೋಗುವಷ್ಟರಲ್ಲಿ ಹೆಂಡತಿ ಕಾಫಿ ಕೊಟ್ಟಳು. ಮರೆತುಹೋಯಿತು. ಹೇಗೂ ಸಿದ್ಧಾಂತ ಇದೆಯಲ್ಲ, ಯಾವುದೋ ಒಂದು ಕೊಟ್ಟು ಸ್ವಿಚ್ ಹಾಕಿದೆ.

ಮೊದಲು ಏನೂ ಆಗಲಿಲ್ಲ. ಸರಿ, ತಿರುಗಿಸಿ ಕೊಡೋಣ ಅಂತ ಬಗ್ಗಿದೆ. "ಟಪ್!" ಅಂತ ಒಂದು ಸದ್ದು. ಬೋರ್ಡಿನ ಮೇಲೆ ಪುಟ್ಟ ಡ್ರಮ್ಮಿನ ಹಾಗಿದ್ದ ಕೆಪಾಸಿಟರಿನ ತಲೆ ಹೂವಿನಂತೆ ಅರಳಿತ್ತು. ಒಂದೆಳೆ ಹೊಗೆ ರಾಜ ರಾಣಿಯ ಮುಖದ ಮುಂದೆ ಹಾದು ಫ್ಯಾನಿನ ಕಡೆ ಹೋಯಿತು. ಈ ಕೆಪಾಸಿಟರ್ ಸಿಡಿದರೆ ಮೀನಿನ ವಾಸನೆ ಬರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ನವರಾತ್ರಿಯ ಮೊದಲ ದಿನ. ಅಮ್ಮ ಅಡುಗೆಮನೆಯಿಂದ ಹೊರಬಂದು ಮೂಗರಳಿಸಿ, "ಯಾರ ಮನೇಲೋ ಇದು, ಇವತ್ತು ಮೀನು ಹುರೀತಿರೋದು?" ಅಂದಳು. ನಾನೂ ಕಿಟಕಿಯಿಂದ ಹೊರಗೆ ನೋಡಿ, "ಗೊತ್ತಿಲ್ಲಮ್ಮ, ಈ ಕಾಲದ ಜನ" ಅಂದೆ.

ಆಮೇಲೆ ಯೋಚಿಸಿದೆ. ಉಲ್ಟಾ ಕೊಟ್ಟಾಗ ಒಂದೊಂದು ಸಾಮಾನು ಒಂದೊಂದು ಥರ ಆಡುತ್ತದೆ, ನೆಂಟರ ಹಾಗೆ. ಹಳೇ ಕಾಲದ ತಂತಿ ಬಲ್ಬು ನಮ್ಮಜ್ಜಿ ಇದ್ದ ಹಾಗೆ, ಹೇಗೆ ಕೊಟ್ಟರೂ ಬೆಳಗುತ್ತದೆ. ಎಲ್‌ಇಡಿ ಮುನಿಸಿಕೊಂಡ ಸೊಸೆ, ಸರಿಯಾಗಿ ಕೊಡುವ ತನಕ ಮುಖ ತಿರುಗಿಸಿ ಕೂರುತ್ತದೆ, ಮನೆ ಬಿಟ್ಟು ಹೋಗುವುದಿಲ್ಲ. ಸಣ್ಣ ಆಟಿಕೆ ಮೋಟಾರು ನಮ್ಮ ಚಿಕ್ಕಪ್ಪ, ಬಾ ಅಂದರೆ ಹೋಗುತ್ತದೆ, ಹೋಗು ಅಂದರೆ ಬರುತ್ತದೆ. ಎಲೆಕ್ಟ್ರಾನಿಕ್ ಬೋರ್ಡು ಮಾತ್ರ ಮಹಾ ಅಭಿಮಾನಿ. ಒಂದೇ ಒಂದು ಸಲ ಅವಮಾನ ಮಾಡಿ, ಪ್ರಾಣ ಬಿಟ್ಟುಬಿಡುತ್ತದೆ. ಅದಕ್ಕೆ ಮುಂಚೆ ಅದು ಯಾವ ಜಾತಿಯದು ಅಂತ ಹೊರಗಿನಿಂದ ನೋಡಿ ಗೊತ್ತಾಗುವುದಿಲ್ಲ.

ತಂಗಿಯ ಮಗನಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದೆ. ಅವನು ಅಳಲಿಲ್ಲ, ಬೈಯಲೂ ಇಲ್ಲ. "ಮಾವ, ಇನ್ನೊಂದು ಬೋರ್ಡ್ ಕಳಿಸ್ತೀನಿ. ಪ್ಲಸ್ ವೈರಿಗೆ ಒಂದು ಡಯೋಡ್ ಹಾಕಿ. 4007 ಅಂತ ಕೇಳಿ, ಒಂದೆರಡು ರೂಪಾಯಿ" ಅಂದ. ಕಡಲೆಕಾಳಿಗಿಂತ ಚಿಕ್ಕ ಕಪ್ಪು ಕೊಳವೆ. ಒಂದು ತುದಿಗೆ ಮಾತ್ರ ವಿಭೂತಿ ಬಳಿದ ಹಾಗೆ ಬೆಳ್ಳಿ ಪಟ್ಟಿ. ಆ ಪಟ್ಟಿ ಬೋರ್ಡಿನ ಕಡೆಗಿರಬೇಕು. ಆಗ ಕರೆಂಟು ಸರಿಯಾದ ದಿಕ್ಕಿನಲ್ಲಿ ಬಂದರೆ ಒಳಗೆ ಬಿಡುತ್ತದೆ, ಉಲ್ಟಾ ಬಂದರೆ ಬಾಗಿಲು ಹಾಕಿಕೊಳ್ಳುತ್ತದೆ. ಕೂಲಿ ಅಂತ ಮುಕ್ಕಾಲು ವೋಲ್ಟಿನಷ್ಟು ತಾನೇ ಇಟ್ಟುಕೊಳ್ಳುತ್ತದೆ, ಒಂದು ಆಂಪ್ಸಿಗಿಂತ ಜಾಸ್ತಿ ಹೊರಿಸಬಾರದು. ಇಷ್ಟು ಕಮ್ಮಿ ಸಂಬಳಕ್ಕೆ ಇಷ್ಟು ನಿಯತ್ತಿನ ಕಾವಲುಗಾರ ಮೈಸೂರಿನಲ್ಲಿ ಬೇರೆಲ್ಲೂ ಸಿಗಲಾರ.

ಮಾರನೇ ದಿನ ಸಂಜೆ ಜನ ಬರತೊಡಗಿದರು. ಐದು ಮೀಟರ್ ಸ್ಟ್ರಿಪ್ಪನ್ನೂ ಮೆಟ್ಟಿಲಿಗೆ ಅಂಟಿಸಿ ಸ್ವಿಚ್ ಹಾಕಿದೆ. ಹತ್ತಿತು, ಆರಿತು. ಹತ್ತಿತು, ಆರಿತು. ಸೆಕೆಂಡಿಗೊಂದು ಸಲ, ಗಡಿಯಾರದ ಹಾಗೆ. ನನಗೆ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಮೂಲೆಮನೆಯ ಆಂಟಿ, "ಅಯ್ಯೋ ಎಷ್ಟು ಚೆನ್ನಾಗಿ ಮಿಣುಕ್ತಾ ಇದೆ! ರಿಮೋಟಾ?" ಅಂದರು. ನಾನು ವಿನಯದಿಂದ ತಲೆ ತಗ್ಗಿಸಿ, "ಇಲ್ಲ, ನಾನೇ ಸೆಟ್ಟಿಂಗ್ ಮಾಡಿದ್ದು" ಅಂದೆ. ಒಂದು ಗಂಟೆ ಮಿಣುಕಿತು. ಆಮೇಲೆ ಅಡಾಪ್ಟರು ಮುಟ್ಟಲಾರದಷ್ಟು ಬಿಸಿಯಾಗಿ ಪೂರ್ತಿ ತಣ್ಣಗಾಯಿತು.

ಸ್ಟ್ರಿಪ್ಪಿನ ಕವರ್ ಕಸದ ಬುಟ್ಟಿಯಿಂದ ತೆಗೆದು ಓದಿದೆ. ಮೀಟರಿಗೆ 14.4 ವಾಟ್. ಐದು ಮೀಟರಿಗೆ 72. ಹನ್ನೆರಡರಿಂದ ಭಾಗಿಸಿದರೆ 6 ಆಂಪ್ಸ್. ನಾನು ಕೊಟ್ಟಿದ್ದು 2 ಆಂಪ್ಸಿನ ಅಡಾಪ್ಟರ್. ಪಾಪ, ಅದು ಸೆಕೆಂಡಿಗೊಮ್ಮೆ ಎದ್ದು ನಿಂತು, ಮೂರರಷ್ಟು ಹೊರೆ ನೋಡಿ, ಕುಸಿದು ಕೂತು, ಮತ್ತೆ ಏಳುತ್ತಿತ್ತು. ಅದು ಮಿಣುಕಿದ್ದಲ್ಲ, ಏದುಸಿರು.

ಮತ್ತೆ ಶಿವರಾಂಪೇಟೆ. ಹುಡುಗ ಏನೂ ಕೇಳದೆ 12 ವೋಲ್ಟ್ 10 ಆಂಪ್ಸಿನ ತೂತುತೂತಿನ ತಗಡಿನ ಪೆಟ್ಟಿಗೆ ತೆಗೆದಿಟ್ಟ. "ಎಲ್ಲ ಲೋಡ್ ಕೂಡ್ಸಿ, ಅದರ ಮೇಲೆ ಕಾಲು ಭಾಗನಾದ್ರೂ ಜಾಸ್ತಿ ಇಟ್ಕೊಳ್ಳಿ ಸಾರ್. ತುತ್ತತುದಿವರೆಗೂ ಎಳೀಬೇಡಿ." ಗೋಡೆ ಕರೆಂಟು ಬರುವ ಮೂರು ಸ್ಕ್ರೂ ಒಂದು ಕಡೆ, 12 ವೋಲ್ಟಿನ ನಾಲ್ಕು ಸ್ಕ್ರೂ ಪಕ್ಕದಲ್ಲೇ. ಅಮ್ಮನ ಅಪ್ಪಣೆಯ ಪ್ರಕಾರ ಆ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಕಪಾಟಿನ ಮೇಲೆ, ಗಾಳಿಯಾಡುವ ಕಡೆ ಇಟ್ಟೆ.

ಹೆಂಡತಿಗೆ ಒಂದು ಅನುಮಾನ. "ಹತ್ತು ಆಂಪ್ಸ್ ಅಂತೀರಿ. ಆ ಪುಟಾಣಿ ಪಂಪು ಅರ್ಧ ಆಂಪ್ಸಿಂದು. ಅಷ್ಟೊಂದು ನುಗ್ಗಿದ್ರೆ ಸುಟ್ಟು ಹೋಗಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಮೂರನೇ ದಿನ ಸಂಜೆ, ಆರತಿಗೆ ಬಂದ ಅಷ್ಟೂ ಹೆಂಗಸರ ಮುಂದೆ ಹೇಳಿದೆ: "ನೋಡು, ಮದುವೆಮನೇಲಿ ಐನೂರು ಜನಕ್ಕೆ ಅಡುಗೆ ಆಗಿರುತ್ತೆ. ಅಂತ ನೀನು ಐನೂರು ಜನರ ಊಟ ಮಾಡ್ತೀಯಾ? ನಿನಗೆ ಬೇಕಾದಷ್ಟು ಹಾಕಿಸ್ಕೋತೀಯ. ಆಂಪ್ಸ್ ಅಂದ್ರೆ ಅಡುಗೆ. ಜಾಸ್ತಿ ಇದ್ರೆ ತೊಂದರೆ ಇಲ್ಲ, ಕಮ್ಮಿ ಬಿದ್ರೆ ಮರ್ಯಾದೆ ಹೋಗುತ್ತೆ. ವೋಲ್ಟ್ ಅಂದ್ರೆ ಬಡಿಸೋನ ಬಲವಂತ. ಅವನು ಎಲೆಗೆ ಕೈ ಅಡ್ಡ ಇಟ್ರೂ ಬಿಡದೆ ಒತ್ತಿ ಒತ್ತಿ ಹೋಳಿಗೆ ಹಾಕೋನಾದ್ರೆ ಮಾತ್ರ ಹೊಟ್ಟೆ ಒಡೆಯೋದು. ಅದಕ್ಕೇ ವೋಲ್ಟು ಸರಿಯಾಗಿ ಹೊಂದಬೇಕು."

ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ. ಅದೇ ಗತ್ತಿನಲ್ಲಿ, ಮೊಮ್ಮಗಳ ಆಟದ ರೈಲಿನ ಹಳಿಗೆ ಹೋಗುವ ವೈರನ್ನು 12 ವೋಲ್ಟಿಗೆ ಕೊಟ್ಟುಬಿಟ್ಟೆ.

ಆ ರೈಲಿಗೆ ಎರಡು ಪೆನ್ ಸೆಲ್ಲು. ತಲಾ ಒಂದೂವರೆ ವೋಲ್ಟ್. ಒಟ್ಟು 3. ಮಾಮೂಲಿಯಾಗಿ ಅದು ನಂಜನಗೂಡಿನ ಪ್ಯಾಸೆಂಜರ್ ಹಾಗೆ ಹಾಯಾಗಿ ಹೋಗುತ್ತಿತ್ತು. 12 ವೋಲ್ಟ್ ಸಿಕ್ಕಿದ ಕ್ಷಣ "ಝೊಂಯ್" ಅಂತ ಹೊರಟಿತು. ಮೊದಲ ಸುತ್ತು ಯಾರಿಗೂ ಕಾಣಲಿಲ್ಲ. ಎರಡನೇ ಸುತ್ತಿನ ತಿರುವಿನಲ್ಲಿ ಹಳಿ ಬಿಟ್ಟು, ಬೃಂದಾವನ ದಾಟಿ, ನೇರವಾಗಿ ಶೆಟ್ಟರ ಅಂಗಡಿ. ಶೆಟ್ಟರು ಮಕಾಡೆ ಬಿದ್ದರು. ಅವರ ಹೆಂಡತಿ ಅಲುಗಾಡದೆ ಕೂತಿದ್ದರು, ಅಷ್ಟು ವರ್ಷದ ಸಂಸಾರ. ಎಂಜಿನ್ನು ಅಕ್ಕಿಯೊಳಗೆ ಮುಖ ಹುದುಗಿಸಿ ಚಕ್ರ ತಿರುಗಿಸುತ್ತಲೇ ಇತ್ತು. ಅಜ್ಜಿಯೊಬ್ಬರು ಶಾಂತವಾಗಿ ಕೇಳಿದರು, "ಇದು ಬಡಿಸೋನ ಬಲವಂತ ಅಲ್ವಾ?"

ರೈಲಿಗೆ ಆಮೇಲೆ 12ನ್ನು 3ಕ್ಕೆ ಇಳಿಸುವ ಪುಟ್ಟ ಬೋರ್ಡು ತಂದೆ. ಬಕ್ ಕನ್ವರ್ಟರ್ ಅನ್ನುತ್ತಾರೆ. ಅದರ ಮೇಲೊಂದು ಹಿತ್ತಾಳೆಯ ಸ್ಕ್ರೂ. ಮೊದಲು ಮೀಟರ್ ಇಟ್ಟುಕೊಂಡು ಸ್ಕ್ರೂ ತಿರುಗಿಸಿ 3ಕ್ಕೆ ತಂದು, ಆಮೇಲೆ ರೈಲಿಗೆ ಕೊಡಬೇಕು. ರೈಲಿಗೆ ಕೊಟ್ಟು ಆಮೇಲೆ ತಿರುಗಿಸಬಾರದು. ಇದೊಂದನ್ನು ಮಾತ್ರ ತಪ್ಪು ಮಾಡದೆ ಕಲಿತೆ, ಬರೆದಿಟ್ಟುಕೊಳ್ಳಬೇಕಾದ ಸಂಗತಿ.

ಮೀಟರ್ ಕೊಟ್ಟಿದ್ದು ಎದುರು ಮನೆ ಮೇಷ್ಟ್ರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ರಿಟೈರ್ ಆದವರು. ಒಳ್ಳೆಯವರು, ಆದರೆ ಒಂದು ಪ್ರಶ್ನೆ ಕೇಳಿದರೆ ಒಂದು ಸೆಮಿಸ್ಟರ್ ಉತ್ತರ ಕೊಡುತ್ತಾರೆ. ಹಾಗಾಗಿ ಅವರನ್ನು ಕೇಳದೇ ಮಾಡುವುದು ನಮ್ಮ ಬೀದಿಯ ಪದ್ಧತಿ.

ಐದನೇ ದಿನ ಸಂಜೆ ಜೋರು ಮಳೆ ಬಂದು ಕರೆಂಟು ಹೋಯಿತು. ಆರತಿಗೆ ಹನ್ನೆರಡು ಜನ ಬರುವವರಿದ್ದರು. ನನಗೆ ಥಟ್ಟನೆ ಹೊಳೆಯಿತು, ಕಾರಿನ ಬ್ಯಾಟರಿಯೂ 12 ವೋಲ್ಟೇ ಅಲ್ವಾ!

ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿದೆ. ಕೈಗೆ ಹತ್ತಿರ ಇದ್ದದ್ದು ಪ್ಲಸ್, ಅದನ್ನೇ ಮೊದಲು ಬಿಚ್ಚತೊಡಗಿದೆ. ಸ್ಪ್ಯಾನರಿನ ಬಾಲ ಕಾರಿನ ತಗಡಿಗೆ ತಾಗಿತು. ಫಟ್ ಅಂತ ಕಿಡಿ, ಕಣ್ಣಿಗೆ ಕತ್ತಲೆ, ಕೈಯಿಂದ ಸ್ಪ್ಯಾನರ್ ಮಾಯ. ಆಮೇಲೆ ಹುಡುಕಿದರೆ ಅದರ ತುದಿಯಲ್ಲಿ ಇಲಿ ಕಚ್ಚಿದ ಹಾಗೆ ಒಂದು ಕಚ್ಚು. ಕಬ್ಬಿಣ ಕರಗಿಹೋಗಿತ್ತು. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಅದಕ್ಕೇ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಆ ಕ್ರಮದಲ್ಲಿ ಹೋದರೆ ಸ್ಪ್ಯಾನರ್ ಕಾರಿನ ತಗಡಿಗೆ ತಾಗಿದರೂ ಏನೂ ಆಗದು. ಕಳಶ ಇಡಲು ಒಂದು ಕ್ರಮ, ಕದಲಿಸಲು ಒಂದು ಕ್ರಮ ಇಲ್ವೇ, ಹಾಗೆ. ಇದನ್ನು ಯಾವ ಪುರೋಹಿತರೂ ನನಗೆ ಹೇಳಿರಲಿಲ್ಲ.

ಬ್ಯಾಟರಿಯನ್ನು ವರಾಂಡದಲ್ಲಿಟ್ಟು, ಕಿಟಕಿಯಿಂದ ಅದೇ ಬಿಳಿ ಬೆಲ್ ವೈರನ್ನು ಹತ್ತು ಮೀಟರ್ ಎಳೆದೆ. ಲೈಟೇನೋ ಹತ್ತಿತು. ಆದರೆ ಬೊಂಬೆಗಳೆಲ್ಲ ಮೋಡದ ಕೆಳಗೆ ಕೂತ ಹಾಗೆ. ಮೇಲಿನ ಮೆಟ್ಟಿಲಿನ ರಾಜ ರಾಣಿಗೆ ಪರವಾಗಿಲ್ಲ. ಶೆಟ್ಟರಿಗೆ ತಕ್ಕಡಿ ಕಾಣದಷ್ಟು ಮಬ್ಬು. ಮೀಟರ್ ಇಟ್ಟೆ. ಬ್ಯಾಟರಿ ಹತ್ತಿರ 12.5, ಬೊಂಬೆ ಹತ್ತಿರ 9.8. ದಾರಿಯಲ್ಲಿ ಸುಮಾರು ಮೂರು ವೋಲ್ಟು ಸೋರಿಹೋಗಿದೆ! ಹೋಗುವಾಗ ಹತ್ತು ಮೀಟರ್, ಬರುವಾಗ ಹತ್ತು, ಒಟ್ಟು ಇಪ್ಪತ್ತು ಮೀಟರ್ ದಾರದಂಥ ತಾಮ್ರ. 230 ವೋಲ್ಟಿನಲ್ಲಿ ಮೂರು ವೋಲ್ಟ್ ಸೋರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಶ್ರೀಮಂತರ ಮನೆಯಲ್ಲಿ ಚಿಲ್ಲರೆ ಕಳೆದ ಹಾಗೆ. ಹನ್ನೆರಡರಲ್ಲಿ ಮೂರು ಅಂದರೆ ಬಡವನ ಕಾಲು ಭಾಗ ಸಂಬಳ.

ಮಬ್ಬಾದರೂ ಆಗಲಿ, ವೈರು ಕಾಲಿಗೆ ಸಿಕ್ಕದಿರಲಿ ಅಂತ ಮೆಟ್ಟಿಲಿನ ಅಂಚಿಗೆ ಸ್ಟೇಪಲ್ ಹೊಡೆಯುತ್ತ ಹೋದೆ. ನಾಲ್ಕನೆಯದು ವೈರಿನ ನಡುವೆ ಕೂತಿತು. ಎರಡು ಎಳೆಯನ್ನೂ ಹೊಲಿದುಬಿಟ್ಟಿತು.

ಆಮೇಲಿನದು ಐದಾರು ಸೆಕೆಂಡಿನ ಕೆಲಸ. ಲೈಟು ಆರಿತು. ಬೆಲ್ ವೈರಿನ ಉದ್ದಕ್ಕೂ ಬಿಳಿ ಸಿಪ್ಪೆ ಮೊದಲು ಹೊಳೆಯಿತು, ಆಮೇಲೆ ಬೆವರಿತು, ಆಮೇಲೆ ಗುಳ್ಳೆ ಎದ್ದಿತು. ಕಿಟಕಿಯಿಂದ ಮೆಟ್ಟಿಲವರೆಗೆ ಊದುಬತ್ತಿ ಸಾಲು ಹಚ್ಚಿದ ಹಾಗೆ ಹೊಗೆ. ಮೆಟ್ಟಿಲಿಗೆ ಹಾಸಿದ್ದ ಬಿಳಿ ಪಂಚೆಯ ಮೇಲೆ ಕಂದು ಗೆರೆ ಮೂಡಿತು. ಓಡಿಹೋಗಿ ಬ್ಯಾಟರಿ ಕಡೆಯ ತುದಿ ಹಿಡಿದು ಎಳೆದೆ. ವೈರು ಬಂತು, ನನ್ನ ಎರಡು ಬೆರಳಿನ ಚರ್ಮವೂ ಬಂತು.

ಮೇಷ್ಟ್ರು ವಾಸನೆ ಹಿಡಿದೇ ಬಂದರು, ಛತ್ರಿ ಸಮೇತ. ಅವತ್ತು ಸೆಮಿಸ್ಟರ್ ಇಲ್ಲ. ಒಂದೇ ಪ್ರಶ್ನೆ.

"ಫ್ಯೂಸ್ ಎಲ್ಲಿ?"

"ಯಾವ ಫ್ಯೂಸ್ ಸಾರ್?"

ಅವರು ಛತ್ರಿ ಮಡಿಸಿ ಕೂತರು. "ಆ ತಗಡಿನ ಪೆಟ್ಟಿಗೆ ಇದೆಯಲ್ಲ, ಅದು ಸಾಧು ಪ್ರಾಣಿ ಕಣ್ರೀ. ಹತ್ತಕ್ಕಿಂತ ಜಾಸ್ತಿ ಕೇಳಿದ್ರೆ ಕೈ ಚೆಲ್ಲಿಬಿಡುತ್ತೆ. ಬ್ಯಾಟರಿ ಹಾಗಲ್ಲ. ಅದು ಕರ್ಣ. ಕೇಳಿದಷ್ಟೂ ಕೊಡುತ್ತೆ. ನೂರು ಆಂಪ್ಸ್ ಕೇಳಿ, ಕೊಡುತ್ತೆ. ಇನ್ನೂರು ಕೇಳಿ, ಕೊಡುತ್ತೆ. ನಿಮ್ಮ ಬೆಲ್ ವೈರ್ ಅದನ್ನು ಹೊರಬೇಕಲ್ಲ?"

ಕಾರಿನೊಳಗಿನ ಫ್ಯೂಸ್ ಡಬ್ಬಿಯಿಂದಲೇ ಒಂದು ಬಿಡಿ ಫ್ಯೂಸ್ ಕಿತ್ತು ತೋರಿಸಿದರು. ಅಗಲವಾದ ಎರಡು ಹಲ್ಲು, ಕೆಂಪು ಪ್ಲಾಸ್ಟಿಕ್ ಬೆನ್ನು. ಕೆಂಪು ಅಂದರೆ 10 ಆಂಪ್ಸ್, ನೀಲಿ 15, ಹಳದಿ 20. ಇದನ್ನು ಬ್ಯಾಟರಿಯ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ ಹಾಕಬೇಕಂತೆ. ಬೊಂಬೆ ಹತ್ತಿರ ಹಾಕಿದರೆ, ಮಧ್ಯದ ಹತ್ತು ಮೀಟರ್ ವೈರನ್ನು ಯಾರು ಕಾಯುತ್ತಾರೆ? ಫ್ಯೂಸ್ ಇರುವುದು ಬೊಂಬೆಯನ್ನಾಗಲಿ ಬಲ್ಬನ್ನಾಗಲಿ ಉಳಿಸಲಿಕ್ಕಲ್ಲ, ವೈರಿಗೆ ಬೆಂಕಿ ಹತ್ತದ ಹಾಗೆ ನೋಡಿಕೊಳ್ಳಲಿಕ್ಕೆ. ಹಾಗಾಗಿ ಫ್ಯೂಸಿಗಿಂತ ವೈರು ಗಟ್ಟಿ ಇರಬೇಕು. ನಮ್ಮ ಮನೆಯಲ್ಲಿ ಅವತ್ತು ವೈರೇ ಫ್ಯೂಸ್ ಆಗಿತ್ತು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ವರಾಂಡದ ಗೋಡೆಯ ಸ್ವಿಚ್ಚು ಅವರ ಕಣ್ಣಿಗೆ ಬಿತ್ತು. ಡಿಸಿಗೂ ಇಂಥದೇ ಹಾಕಿದ್ದೀರಾ ಅಂದರು. ಹೂಂ ಅಂದೆ. ಅಲ್ಲಿಂದ ಸೆಮಿಸ್ಟರ್ ಶುರು. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟಿ ಬರುತ್ತದೆ, ಸ್ವಿಚ್ ತೆಗೆದಾಗ ಏಳುವ ಕಿಡಿಗೆ ಸಾಯಲು ನೂರು ಅವಕಾಶ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಹಿಡಿದುಕೊಂಡು ಎಳೆಯುತ್ತದೆ. 12 ವೋಲ್ಟಿಗೆ ನಡೆದೀತು, ಆದರೆ ಮನೆ ಮೇಲಿನ ಸೋಲಾರ್ ಪ್ಯಾನೆಲ್ಲಿನ ನೂರಾರು ವೋಲ್ಟ್ ಡಿಸಿಗೆ ಈ ಸ್ವಿಚ್ ಹಾಕಿದರೆ ಅದು ಒಳಗೇ ಬೆಂದುಹೋಗುತ್ತದೆ, ಅದಕ್ಕೆ ಡಿಸಿ ಅಂತಲೇ ಬರೆದ ಸ್ವಿಚ್ ಬೇಕು... ಹೆಂಡತಿ ಕೋಸಂಬರಿ ತಂದು ಕೈಗಿಟ್ಟಳು. ಮೇಷ್ಟ್ರು ಬಾಯಿ ತುಂಬಿಕೊಂಡರು. ಆರತಿ ಎಣ್ಣೆ ದೀಪದಲ್ಲೇ ಮುಗಿಯಿತು.

ಆರನೇ ದಿನದಿಂದ ಎಲ್ಲ ಶಿಸ್ತು. ದಪ್ಪ ವೈರು, ಕೆಂಪು ಒಂದು ಕಪ್ಪು ಒಂದು. ಪ್ಲಸ್ ಕಂಬದ ಪಕ್ಕದಲ್ಲೇ ಫ್ಯೂಸ್. ಮೊದಲು ಲೋಡುಗಳನ್ನೆಲ್ಲ ಜೋಡಿಸಿ, ಮೀಟರಿನಲ್ಲಿ ದಿಕ್ಕು ನೋಡಿ, ಕೊನೆಗೆ ಬ್ಯಾಟರಿ. ಬ್ಯಾಟರಿಗೆ ಮೊದಲು ಕೊಟ್ಟು, ಜೀವ ಇರುವ ಬೆತ್ತಲೆ ತುದಿ ಹಿಡಿದುಕೊಂಡು ಮನೆಯೆಲ್ಲ ಓಡಾಡುವುದು ಬಂದ್. ಪಂಪು ಆಫ್ ಮಾಡಿದಾಗಲೆಲ್ಲ ನಾದಸ್ವರದಲ್ಲಿ "ಟಪ್" ಅನ್ನುತ್ತಿತ್ತು. ನಿಲ್ಲುವಾಗ ಮೋಟಾರು ಒಂದು ಸಲ ಸಿಡುಕುತ್ತದಂತೆ. ಅದರ ಎರಡು ತುದಿಗೂ ಅಡ್ಡಲಾಗಿ ಇನ್ನೊಂದು 4007, ಪಟ್ಟಿ ಪ್ಲಸ್ ಕಡೆ. ಸಿಡುಕು ನಿಂತಿತು. ಶೆಟ್ಟರ ಅಂಗಡಿಯಲ್ಲಿ ಅಕ್ಕಿಯ ಒಂದೊಂದು ಕಾಳೂ ಎಣಿಸುವ ಹಾಗೆ ಬೆಳಕು. ಎಂಟನೇ ದಿನದವರೆಗೂ ಒಂದು ಅಪಶಬ್ದ ಇಲ್ಲ.

ಒಂಬತ್ತನೇ ದಿನ ಆಯುಧಪೂಜೆ. ನಮ್ಮಮ್ಮ ಈ ಹಬ್ಬದಲ್ಲಿ ಯಾವುದನ್ನೂ ಬಿಡುವವಳಲ್ಲ. ಈಳಿಗೆಮಣೆ, ಮಿಕ್ಸಿ, ಕಾರು, ನನ್ನ ಕಚ್ಚು ಬಿದ್ದ ಸ್ಪ್ಯಾನರ್, ಎಲ್ಲಕ್ಕೂ ಪೂಜೆ. ನಾನು ಸ್ನಾನಕ್ಕೆ ಹೋದಾಗ ವರಾಂಡದ ಬ್ಯಾಟರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಳೆ. ಅದಕ್ಕಾಗಿ ಎರಡೂ ವೈರು ತೆಗೆದು ಮಡಿಸಿಟ್ಟಿದ್ದಾಳೆ. ಯಾವುದನ್ನು ಮೊದಲು ತೆಗೆದಳೋ, ಬರಿಗೈಯಲ್ಲಿ ತಿರುಗಿಸಿ ತೆಗೆದದ್ದಕ್ಕೆ ಕಿಡಿ ಹಾರಲಿಲ್ಲ. ಆಮೇಲೆ ಮೈಯೆಲ್ಲ ಗಂಧ ಬಳಿದು, ಎರಡು ಕಂಬಕ್ಕೂ ಅರಿಶಿನ ಹಚ್ಚಿ, ಮೇಲೆ ಢಾಳಾಗಿ ಕುಂಕುಮ.

ಸಂಜೆ ಆರಕ್ಕೆ ಮತ್ತೆ ಮಳೆ, ಮತ್ತೆ ಕರೆಂಟ್ ಇಲ್ಲ. ಟಾರ್ಚ್ ಹಿಡಿದು ವರಾಂಡಕ್ಕೆ ಬಂದೆ. ಕೆಂಪು ವೈರು ಕೈಯಲ್ಲಿ. ಬ್ಯಾಟರಿಯಲ್ಲಿ ಎರಡೂ ಕಂಬ ಕೆಂಪು. ಪ್ಲಸ್ ಗುರುತು ಗಂಧದ ಕೆಳಗೆ ಎಲ್ಲೋ.

"ಅಮ್ಮಾ, ಎರಡಕ್ಕೂ ಯಾಕಮ್ಮ ಕುಂಕುಮ ಇಟ್ಟೆ?"

"ಒಂದಕ್ಕೇ ಇಟ್ರೆ ಇನ್ನೊಂದಕ್ಕೆ ಬೇಜಾರಾಗಲ್ವೇನೋ? ಒರೆಸಿಗಿರೆಸೀಯ ಮತ್ತೆ, ನಾಳೆ ಬೆಳಗ್ಗೆವರೆಗೂ ಮುಟ್ಟಕೂಡದು."

ಎದುರು ಮನೆಗೆ ಹೋಗಿ ಮೀಟರ್ ಕೇಳಿದೆ. ಮೇಷ್ಟ್ರು ದೇವರಮನೆ ಕಡೆ ಕೈ ತೋರಿಸಿದರು. ಮೀಟರ್, ಸೋಲ್ಡರಿಂಗ್ ಗನ್ನು, ಟೆಸ್ಟರು ಸಾಲಾಗಿ ಹೂವು ಮುಡಿದು ಕೂತಿದ್ದವು. "ಇವತ್ತು ಆಯುಧ ಎತ್ತೋ ಹಾಗಿಲ್ಲ ಕಣ್ರೀ. ಅದಕ್ಕೇನು, ಕಾರ್ ಬ್ಯಾಟರೀಲಿ ಪ್ಲಸ್ ಕಂಬ ಮೈನಸ್ಸಿಗಿಂತ ಒಂಚೂರು ದಪ್ಪ ಮಾಡಿರ್ತಾರೆ. ಕೈಯಲ್ಲಿ ಮುಟ್ಟಿ ನೋಡಿ, ಗೊತ್ತಾಗುತ್ತೆ."

ಬಂದು ಕತ್ತಲಲ್ಲಿ ಕೂತು ಎರಡನ್ನೂ ಮುಟ್ಟಿ ನೋಡಿದೆ. ಅರಿಶಿನ ಕುಂಕುಮದ ಸಮೇತ ಎರಡೂ ಒಂದೇ ದಪ್ಪ ಇದ್ದವು. ಇನ್ನೊಂದು ಸಲ ಮುಟ್ಟಿದೆ. ಈ ಸಲ ಎಡಗಡೆಯದು ದಪ್ಪ ಅನ್ನಿಸಿತು. ಮೂರನೇ ಸಲ ಬಲಗಡೆಯದು. ಗೇಟಿನ ಹತ್ತಿರ ಕೊಡೆ ಹಿಡಿದ ನಾಲ್ಕು ಮಕ್ಕಳು ಬಂದು ನಿಂತು ಕೂಗಿದವು, "ರೀ... ಬೊಂಬೆ ಕೂರ್ಸಿದ್ದೀರಾ?"

ನಾನು ಕೆಂಪು ವೈರನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಒಳಗೆ ಅಮ್ಮ ದೀಪದ ಕಂಬಗಳಿಗೆ ಎಣ್ಣೆ ಹುಯ್ಯುತ್ತಿದ್ದಳು.